ಊಟದ ವಿರಾಮದ ಇಂಜೆಕ್ಷನ್

ಗೆಳೆಯಾ,

ನೀನು ನನ್ನ ಫೋನ್ ಎತ್ತುವುದಿಲ್ಲ, ಈ ಕಾಗದವನ್ನೂ ನಾನು ಕಳಿಸುವುದಿಲ್ಲ.

ತಂಡದಲ್ಲಿ ನಿನ್ನ ಜಾಗಕ್ಕೆ ಬಂದ ಬೌಲರ್ ಇವತ್ತು ಊಟದ ವಿರಾಮದಲ್ಲಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಮೊಣಕಾಲು ಊದಿತ್ತು.

“ಡಾಕ್ಟ್ರೇ, ಒಂದೇ ಒಂದು ಇಂಜೆಕ್ಷನ್ ಕೊಟ್ಬಿಡಿ. ಕೋಚ್‌ಗೆ ಗೊತ್ತಾಗೋದು ಬೇಡ.”

“ಆಮೇಲೆ ಕಾಲೇ ಹೋದ್ರೆ?”

“ವಿದೇಶದಲ್ಲಿ ಟೆಸ್ಟ್ ಸರಣಿ ಗೆಲ್ಲೋ ಹೊತ್ತಲ್ಲಿ ಹೊರಗೆ ಕೂತ್ರೆ ನನ್ನನ್ನ ಮತ್ತೆ ಯಾರು ಕರೀತಾರೆ?”

ನೀನೂ ಹೋದ ವರ್ಷ ಇದನ್ನೇ ಕೇಳಿದ್ದೆ. ಈಗ ನೀನು ಕೋಲು ಹಿಡಿದು ನಡೆಯುತ್ತೀಯೆಂದು ಅವನಿಗೆ ಹೇಳಬಹುದಿತ್ತು. ಯಾಕೆಂದು ಕೇಳಿಬಿಟ್ಟರೆ? ನಿನಗೆ ಕೊಟ್ಟ ಹಾಗೆ ಅವನಿಗೂ ಇಂಜೆಕ್ಷನ್ ಕೊಟ್ಟೆ.

ಚಹಾ ವಿರಾಮದೊಳಗೆ ನಾಲ್ಕು ವಿಕೆಟ್ ಕಿತ್ತ. ಗೆದ್ದೆವು. ಸಂಜೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ ನನ್ನತ್ತ ನೋಡಿ ನಕ್ಕ.

“ಮುಂದಿನ ಟೆಸ್ಟ್‌ಗೆ ಇನ್ನು ನಾಲ್ಕೇ ದಿನ, ಡಾಕ್ಟ್ರೇ.”