ಉಪ್ಪಿನ ಋಣದ ಬಟ್ಟಲು

ಸ್ಫಾಕ್ಸ್,
ಏಪ್ರಿಲ್ ೧೬

ಪ್ರೀತಿಯ ಮಗಳು ಓಲ್ಫಾಗೆ,

ಹೇಗಿದ್ದೀಯಮ್ಮ? ಟ್ಯೂನಿಸ್‌ನ ಚಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಹಬ್ಬಕ್ಕೂ ಬರಲಾಗದಷ್ಟು ಕೆಲಸ ಎಂದೆ, ಇರಲಿ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಮ್ಮನೂ ಚೆನ್ನಾಗಿದ್ದಾಳೆ, ಆದರೆ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ.

ಚಳಿಗಾಲದಲ್ಲಿ ನೀನು ಬಂದು, ಗಂಡಹೆಂಡಿರ ಪ್ರೀತಿಯ ಮೇಲೆ ಸಂಶೋಧನೆ ನಡೆಸುತ್ತಿದ್ದೇನೆ, ವಯಸ್ಸಾದ ಜೋಡಿಗಳು ಸಿಗುತ್ತಿಲ್ಲ ಎಂದಾಗ ಮೊದಲು ಒಪ್ಪಿದವನು ನಾನೇ. ಮನೆಯ ಜಗಳವನ್ನು ಕ್ಯಾಮೆರಾ ಮುಂದೆ ಹರಡಲು ನಮ್ಮೂರಿನಲ್ಲಿ ಯಾರು ತಾನೇ ಬರುತ್ತಾರೆ? ಮಗಳ ಓದಿಗಾಗುತ್ತದೆ ಎಂದು ಎದುರುಬದುರು ಕುರ್ಚಿಯಲ್ಲಿ ಕೂತೆವು. ಕುಡಿಯಲು ಏನಾದರೂ ಕೊಟ್ಟಿದ್ದರೆ ಕೈಗೊಂದು ಕೆಲಸವಾದರೂ ಇರುತ್ತಿತ್ತು. ಹಳೆಯ ಜಗಳವೊಂದನ್ನು ಮಾತಾಡಿ ಎಂದೆ. ಅವಳು ನಮ್ಮ ಮದುವೆಯ ಮೀನನ್ನೇ ಎತ್ತಿದಳು. ನಮ್ಮೂರ ಶಾಸ್ತ್ರದಂತೆ ನೆಲದ ಮೇಲಿಟ್ಟ ಮೀನನ್ನು ಮದುಮಕ್ಕಳು ಕೈ ಹಿಡಿದು ದಾಟುವಾಗ ನಾನು ಕೈ ಬಿಟ್ಟು ಒಬ್ಬನೇ ಹಾರಿದೆನಂತೆ. ಈ ದೂರು ನಿನಗಿಂತ ಹಳೆಯದು. ನಾನು ಕೇಳುತ್ತ ಕೂತೆ. ನೀನು ಏನೋ ಗುರುತು ಹಾಕಿಕೊಂಡೆ.

ಹೊರಡುವ ಮುಂಚೆ ಅಡುಗೆಮನೆಯಲ್ಲಿ ಅವಳಿಗೆ ಹೇಳಿದೆಯಂತೆ: "ಅಮ್ಮಾ, ನೀನು ಮಾತಾಡಿದಾಗೆಲ್ಲ ಅಪ್ಪ ಮುಖ ಆ ಕಡೆ ತಿರುಗಿಸ್ತಾರೆ ನೋಡು. ನಮ್ಮ ಲೆಕ್ಕದಲ್ಲಿ ಇಂಥವರ ಪ್ರೀತಿ ಯಾವತ್ತೋ ಆರಿಹೋಗಿರತ್ತೆ." ತಮಾಷೆಗೇ ಹೇಳಿರಬೇಕು. ನೀನು ರೈಲು ಹತ್ತಿದೆ, ಮಾತು ಮನೆಯಲ್ಲೇ ಉಳಿಯಿತು.

ರಂಜಾನ್ ತಿಂಗಳು ಬಂತು. ಎಂದಿನಂತೆ ಅವಳು ಉಪವಾಸದಲ್ಲೇ ಸಾರನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಉಪ್ಪು ನೋಡಿ, ಉಗುಳಿ ನನಗಾಗಿ ಅಡುಗೆ ಮಾಡಿದಳು. ಹಬ್ಬದ ಬೆಳಿಗ್ಗೆ ನಾನು ನಮಾಜು ಮುಗಿಸಿ ಬಂದಾಗ ಮನೆ ತುಂಬ ಉಪ್ಪುಮೀನಿನ ವಾಸನೆ. ಹೊಸ ಬಟ್ಟೆಯುಟ್ಟು ಕಾಫಿ ತಂದಳು. ಕುಡಿದ ಮೇಲೆ ಆ ಬಟ್ಟಲನ್ನು ಗಂಡಸು ಖಾಲಿ ಹಿಂದಿರುಗಿಸಬಾರದು, ಒಡವೆಯೊಂದನ್ನು ಹಾಕಿ ತಿಂಗಳಿಡೀ ಉಪ್ಪು ನೋಡಿದವಳ ಋಣ ತೀರಿಸಬೇಕು. ಮದುವೆಯಾದಾಗಿನಿಂದ ನಾನು ತಪ್ಪಿಸಿಲ್ಲ. ಈ ಸಲ ಅಕ್ಕಸಾಲಿಗನ ಹತ್ತಿರ ಕೂತು ಮೀನಿನ ಆಕಾರದ ಬೆಳ್ಳಿಯುಂಗುರ ಮಾಡಿಸಿದ್ದೆ, ಅದನ್ನೇ ಬಟ್ಟಲಿಗೆ ಹಾಕಿ ಕೊಟ್ಟೆ. ನೋಡಿದ ಕೂಡಲೇ ನಗುತ್ತಾಳೆ, ಮೀನಿನ ಜಗಳ ಮುಗಿಯುತ್ತದೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. ಬಟ್ಟಲೊಳಗೆ ನೋಡಿ ಕೇಳಿದಳು: "ಇದು ಪ್ರೀತಿಗೆ ಕೊಟ್ಟಿದ್ದಾ, ಇಲ್ಲಾ ರೂಢಿಗೆ ಕೊಟ್ಟಿದ್ದಾ?"

ಇಷ್ಟು ವರ್ಷದಲ್ಲಿ ಅವಳು ಹೀಗೆ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಗಾಬರಿಯೂ ಆಯಿತು. "ಎಲ್ರೂ ಕೊಡ್ತಾರಲ್ಲ ಮಬ್ರೂಕಾ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಹಾಗಾದ್ರೆ ಅಲ್ಲೇ ಇರ್ಲಿ" ಎಂದು ಉಂಗುರದ ಸಮೇತ ಬಟ್ಟಲನ್ನು ಕಪಾಟಿನ ಮೇಲಿಟ್ಟಳು. ಇನ್ನೂ ಅಲ್ಲೇ ಇದೆ. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಉಪ್ಪು ಸರಿಯಾಗಿಯೇ ಇರುತ್ತದೆ. ಉಂಡದ್ದು ಮಾತ್ರ ಮೈಗೆ ಹತ್ತುತ್ತಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲಮ್ಮ. ಕಣ್ಣಿಗೆ ಕಂಡದ್ದನ್ನು ಬರೆದುಕೊಂಡೆ. ಆದರೆ ಒಂದು ಮಾತು ನನ್ನನ್ನೂ ಕೇಳಬಹುದಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಜೇನು ನೆಕ್ಕು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ತಯ್ಯೆಬ್

ಮತ್ತೆ: ಆ ವಿಡಿಯೋ ಇನ್ನೊಮ್ಮೆ ಹಾಕಿ ನೋಡು. ಅವಳು ಮಾತಾಡಿದಾಗಲೆಲ್ಲ ನಾನು ಎಡಕ್ಕೇ ತಿರುಗುತ್ತೇನೆ. ನಾನು ದುಡಿಯುವ ಎಣ್ಣೆ ಗಾಣದ ಸದ್ದಿಗೆ ನನ್ನ ಎಡಗಿವಿ ಹೋಗಿ ಎರಡು ವರ್ಷವಾಯಿತು. ಮುದುಕ ಅನ್ನುತ್ತಾಳೆಂದು ಅವಳಿಗೆ ಹೇಳಲಿಲ್ಲ. ಅವಳದು ಮೆಲುದನಿ, ಬಲಗಿವಿಯನ್ನು ಅವಳತ್ತ ಕೊಡದಿದ್ದರೆ ಅರ್ಧ ಮಾತು ತಪ್ಪಿಹೋಗುತ್ತದೆ. ಈಗ ನಾನು ಹೇಳಿದರೆ ನೆಪ ಅನ್ನುತ್ತಾಳೆ. ನೀನು ಹೇಳಿದರೆ ನಂಬುತ್ತಾಳೆ. ಬೇಗ ಹೇಳು, ಬಟ್ಟಲಿನ ತಳದ ಕಾಫಿ ಒಣಗಿ ಉಂಗುರಕ್ಕೆ ಅಂಟಿಕೊಂಡಿದೆ.