ಎಡಗೈಯ ಸುಟ್ಟ ಗುರುತು

ಕಿಟ್ವೆ
೧೨ ಆಗಸ್ಟ್ ೧೯೯೭

ಪ್ರೀತಿಯ ಮಗಳು ಚಿಲೇಶೆಗೆ,

ನಿನ್ನ ಪತ್ರ ಬಂದು ಆರು ವಾರವಾಯಿತು. ತಡಮಾಡಿದೆನೆಂದು ಮುನಿಸಿಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ. ಚಳಿಗೆ ನಿನ್ನಮ್ಮನ ಮಂಡಿನೋವು ಹೆಚ್ಚಿದೆ. ಆದರೂ ಚರ್ಚಿನಲ್ಲಿ ಹಾಡುವುದನ್ನು ಬಿಟ್ಟಿಲ್ಲ.

‘ಅಪ್ಪಾ, ನಾನೂ ನಿಮ್ಮ ಹಾಗೆ ಪತ್ರಕರ್ತೆಯಾಗಲಾ?’ ಎಂದು ಕೇಳಿದ್ದೀಯ. ಅದಕ್ಕೇ ಇಷ್ಟು ದಿನ ಕೈ ಓಡಲಿಲ್ಲ.

ಗಣಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಚೋಂಬನ ಅಮ್ಮ ಏಪ್ರಿಲ್‌ನಲ್ಲಿ ನನ್ನ ಬಳಿ ಬಂದಿದ್ದಳು. ಕಾರ್ಮಿಕರ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿದೆ, ಆ ವರದಿಗಳನ್ನೆಲ್ಲ ಸುಡುತ್ತಿದ್ದಾರೆ ಎಂದಳು. ಬೆಂಕಿಯಿಂದ ಉಳಿಸಿದ ನಾಲ್ಕು ಹಾಳೆಗಳು ಸೊಂಟದ ಬಟ್ಟೆಯ ಮಡಿಕೆಯಲ್ಲಿದ್ದವು.

“ನನ್ನ ಹೆಸ್ರು ಮಾತ್ರ ಬರಬಾರ್ದು ಕಣಣ್ಣ. ನಾವಿರೋ ಮನೇನೂ ಗಣಿಯವರದ್ದೇ.”

“ನನ್ನಾಣೆ, ಬರಲ್ಲಮ್ಮ,” ಎಂದೆ.

ಹೆಸರು ಬರಲಿಲ್ಲ. ಆದರೆ ಪತ್ರಿಕೆಯಲ್ಲಿ ಬಂದ ವರದಿಯ ಮೊದಲ ಸಾಲು ಹೀಗಿತ್ತು: ‘ಎಡಗೈ ತುಂಬ ಸುಟ್ಟ ಗುರುತಿರುವ ಆ ತಾಯಿ, ಹಾಳೆಗಳನ್ನು ಮಲಗಿದ ಮಗುವಿನಂತೆ ಮೇಜಿನ ಮೇಲಿಟ್ಟಳು.’ ಆಸ್ಪತ್ರೆಯಲ್ಲಿ ಅಂಥ ಕೈ ಒಂದೇ ಇತ್ತು. ಪತ್ರಿಕೆ ಬಂದ ದಿನ ಮಧ್ಯಾಹ್ನವೇ ಅವಳ ಕೆಲಸ ಹೋಯಿತು. ವಾರದೊಳಗೆ ಪಾತ್ರೆ, ಹಾಸಿಗೆ ಬೀದಿಗೆ ಬಂದವು. ಗಣಿಯವರು ಅವಳ ಗಂಡನನ್ನೂ ಕೆಲಸದಿಂದ ತೆಗೆದರು. ಅವನು ಹೆಂಡತಿಯನ್ನು ಬಯ್ದು ಗಡಿಯಾಚೆ ಹೊರಟುಹೋದ. ಹಾಳೆಗಳು ಕದ್ದ ಮಾಲೆಂದು ಹೇಳಿ, ಸೀಸದ ಬಗ್ಗೆ ಶುರುವಾಗಿದ್ದ ವಿಚಾರಣೆಯನ್ನೂ ಮುಚ್ಚಿದರು. ಮಕ್ಕಳು ಅದೇ ಧೂಳಿನಲ್ಲಿ ಆಡುತ್ತಿದ್ದಾರೆ.

ನಾನು ರಾಜೀನಾಮೆ ಕೊಟ್ಟೆ. ಮಾತಿಗಾಗಿ ಅನ್ನ ಬಿಟ್ಟವನು ಎಂದು ಊರು ಹೊಗಳುತ್ತಿದೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಗೆಣಸು ಮಾರುತ್ತಿದ್ದ ಚೋಂಬನ ಅಮ್ಮ ನನ್ನನ್ನು ಕೂಗಿ ಕರೆದಳು.

“ಆ ಸಾಲು ತುರುಕಿದ್ದು ನಿಮ್ಮ ಸಂಪಾದಕ ಲುಬಿಂದನೇ ಅಂತೆ. ಅವನ ನಾಲಿಗೆ ಸೇದುಹೋಗ! ನೀನೇನ್ ಮಾಡ್ತೀಯಣ್ಣ, ಪಾಪ. ತಗೋ, ಬಿಸಿಯಾಗೈತೆ, ತಿನ್ನು.”

ನಿಂತಲ್ಲೇ ತಿಂದೆ, ಮಗಳೇ.

ನಿನ್ನ ಪ್ರಶ್ನೆಯನ್ನು ಬೇರೆ ಯಾರನ್ನಾದರೂ ಕೇಳು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಕಪೆಂಬ್ವಾ

ತಾ.ಕ.: ಲುಬಿಂದ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ. “ಇದೂ ಒಂದೇ, ಅವಳ ಹೆಸರು ಬರೆಯೋದೂ ಒಂದೇ ಕಣಯ್ಯ,” ಎಂದಿದ್ದ. ಅವನು ಮನೆಗೆ ಹೋದ ಮೇಲೆ ನಾನೇ ಅಚ್ಚಿನ ಕೋಣೆಗೆ ಹೋಗಿ ಮತ್ತೆ ಸೇರಿಸಿದೆ. ಬೇರೆ ಕಾರಣವಿರಲಿಲ್ಲ, ಸಾಲು ಚೆನ್ನಾಗಿತ್ತು. ಜನ ಅವನ ಬಾಗಿಲಿಗೆ ಕಲ್ಲೆಸೆದರೂ ಲುಬಿಂದ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ.