ಕಂಬಳೆವ್ವನ ಹೆಸರು

ಮಾನವಿ, ೮-೨-೮೪

ಯಪ್ಪಾ,

ಏಳರ ಬಸ್ಸಿಗೆ ರಾಯಚೂರಿಗೆ ಕಾಲೇಜಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದ, ಪುಂಡಿಪಲ್ಲೆ ಬಿಸಿ ಮಾಡ್ಕೋ.

ಭರಣ್ಯಾಗಿನ ಜೇಡಕ್ಕ ಒಂದೇ ಮಿಡತಿ ಹಾಕು. ನೀ ಪ್ರೀತಿಗೆ ಮೂರು ಹಾಕ್ತಿ, ಅದೇನು ನಿನ್ನ ಟಗರಲ್ಲ. ಮುಚ್ಚಳ ಬಿಗಿ ಮಾಡು. ಅಂಗಾತ ಬಿದ್ದಿದ್ರ ಸತ್ತದಂತ ಹೂಳಾಕ ಹೋಗಬ್ಯಾಡ. ಪೊರಿ ಬಿಡಾಕತ್ತಿರ್ತದ, ಮುಟ್ಟಬ್ಯಾಡ.

ಇನ್ನೊಂದು ಮಾತು. ಮೊನ್ನೆ ಪ್ರಾಣಿಶಾಸ್ತ್ರದ ಸರ್ ಮನಿಗೆ ಬಂದಾಗ ನೀ ಅದನ್ನ ‘ಕಂಬಳೆವ್ವ’ ಅಂದಿ. ಮೈತುಂಬ ಕೂದಲ ನೋಡಿ ನೀನೇ ಇಟ್ಟ ಹೆಸರು. ‘ಹಾಗನ್ನಬಾರದು, ಇದು ಕೈಲೋಬ್ರಾಕಿಸ್’ ಅಂತ ಸರ್ ನಕ್ಕರು. ಅವರ ಜೋಡಿ ನಾನೂ ನಕ್ಕೆ. ಅವತ್ತಿನಿಂದ ನೀ ಮಿಡತಿ ಹಾಕ್ತಿ ಖರೆ, ಅದನ್ನ ಮಾತಾಡ್ಸಾದು ಬಿಟ್ಟೀದಿ. ನನಗೆಲ್ಲಾ ಕಾಣ್ತದ.

ಸರ್ ಹೇಳಿದ್ದೂ ಸುಳ್ಳಲ್ಲ. ಈ ಜೇಡಕ್ಕ ದೇವದುರ್ಗದಾಗ ಒಂದು ಹೆಸರು, ಮಾನವ್ಯಾಗ ಇನ್ನೊಂದು. ಎಲ್ಲಾ ಊರಿಗೂ ತಿಳೀಬೇಕಂದ್ರ ಶಾಸ್ತ್ರದ ಹೆಸರು ಬೇಕು. ಆದ್ರ ಕುರಿಹಟ್ಟಿ ಕಲ್ಲು ಎತ್ತಿದಾಗ ಸಿಕ್ಕಿದ್ದನ್ನ ಹೊಡೀದೆ, ತಂಬಾಕಿನ ಡಬ್ಬ್ಯಾಗ ಜ್ವಾಪಾನ ಮಾಡಿ ಮಗಳು ಓದಾಕತ್ತಾಳಂತ ತಂದಾವ ನೀನು.

ರೆಕಾರ್ಡ್ ಬುಕ್ಕಿನಾಗ ‘ಸ್ಥಳೀಯ ಹೆಸರು’ ಅನ್ನೋ ಸಾಲು ಖಾಲಿ ಬಿಟ್ಟಿದ್ದೆ. ಈಗ ನಿನ್ನ ಹೆಸರು ಹಾಕಿ ಮಸಿಲೇ ಬರ್ದೀನಿ: ‘ಕಂಬಳೆವ್ವ. ಹೆಸರಿಟ್ಟವರು: ಸಾಬಣ್ಣ, ಕುರಿಗಾರರು, ಮಾನವಿ.’ ಇವತ್ತು ಸರ್ ಅದರ ಕೆಳಗೇ ಸಹಿ ಹಾಕಬೇಕು.

ಸಂಜಿಕ ಬರ್ತೀನಿ. ಅಷ್ಟರಾಗ ಅದನ್ನ ಒಮ್ಮೆ ಹೆಸರು ಹಿಡಿದು ಕರಿ.

ನಿನ್ನ ಕರೆಮ್ಮ